ಹಿಂದಿನಿಂದ ಬರುವ ಹುಂಜ

ಎದುರಿಗೆ ನಿಂತು ಮೇಲೆರಗುವ ಹುಂಜ ಕಡಿಮೆ. ಹಿತ್ತಿಲಿಗೆ ಹೋದವರು ಬಗ್ಗಿ ಮೊಟ್ಟೆ ತೆಗೆಯುವಾಗಲೋ, ಮುಸುರೆ ಚೆಲ್ಲಿ ಮನೆ ಕಡೆ ತಿರುಗಿದಾಗಲೋ ಅದು ಬರುತ್ತದೆ. ರೆಕ್ಕೆ ಬಡಿದ ಸದ್ದು ಕಿವಿಗೆ ಬೀಳುವ ಹೊತ್ತಿಗೆ ಅದರ ಎರಡೂ ಕಾಲು ನಮ್ಮ ಮೀನಖಂಡಕ್ಕೆ ಬಡಿದಿರುತ್ತವೆ. ಹಳ್ಳಿಮನೆಗಳಲ್ಲಿ ಕೋಳಿ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು, ಅವರ ಹಿಂದೆ ಮಕ್ಕಳು. ಹಾಗಾಗಿ ಗಾಯವೂ ಅವರ ಪಾಲಿಗೇ. ಜಗಲಿಯಲ್ಲಿ ಕೂತವರಿಗೆ ಇದು ನಗೆಯ ಸಂಗತಿ. "ಒಂದು ಕೋಳಿಗೆ ಹೆದರ್ತೀಯಲ್ಲೇ" ಎಂದು ತಮಾಷೆ ಮಾಡಿದ ಯಜಮಾನರೇ, ಅದೇ ಹುಂಜ ಒಂದು ದಿನ ತಮ್ಮ ಲುಂಗಿಗೆ ಬಿದ್ದಾಗ ಕೈಗೆ ಸಿಕ್ಕ ಸೌದೆ ಬೀಸುತ್ತಾರೆ. ನಕ್ಕರೂ ಹುಂಜ ಬದಲಾಗುವುದಿಲ್ಲ, ಬೀಸಿದರೂ ಬದಲಾಗುವುದಿಲ್ಲ. ಬೀಸಿದ ಮೇಲಂತೂ ಇನ್ನಷ್ಟು ಕೆಡುತ್ತದೆ.

ಈಚೆಗೆ ಈ ಪೀಡೆ ಹಳ್ಳಿಯಲ್ಲಷ್ಟೇ ಉಳಿದಿಲ್ಲ. ಪೇಟೆಯ ಅಂಚಿನ ಸೈಟುಗಳಲ್ಲಿ ಮನೆ ಕಟ್ಟಿದವರು ಹಿಂದುಗಡೆ ಒಂದಿಷ್ಟು ಜಾಗ ಬಿಟ್ಟು ನಾಲ್ಕು ಕೋಳಿ ಸಾಕುತ್ತಾರೆ. ಸಂತೆಯಿಂದ ತಂದ ಮರಿಗಳಲ್ಲಿ ಯಾವುದು ಹುಂಜ, ಯಾವುದು ಹೇಂಟೆ ಎಂದು ಆಗ ತಿಳಿಯುವುದಿಲ್ಲ. ಮಕ್ಕಳು ಹೆಸರಿಟ್ಟು, ಮಡಿಲಲ್ಲಿ ಕೂರಿಸಿ, ಅನ್ನದಗುಳು ತಿನ್ನಿಸಿ ಬೆಳೆಸಿದ ಮರಿ ಆರು ತಿಂಗಳಿಗೆ ಅದೇ ಮಕ್ಕಳನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಬಂದರೆ ಮನೆಮಂದಿಗೆಲ್ಲ ಬೇಸರ. ಇಷ್ಟು ಪ್ರೀತಿಯಿಂದ ಸಾಕಿದ್ದಕ್ಕೆ ಹೀಗಾ ಎಂಬ ಪ್ರಶ್ನೆ.

ಪ್ರೀತಿಯಿಂದ ಸಾಕಿದ್ದೂ ಒಂದು ಕಾರಣ ಎಂದರೆ ಯಾರೂ ಸುಲಭವಾಗಿ ನಂಬುವುದಿಲ್ಲ. ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಟುಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಮೇಲುಕೀಳಿನ ಸಾಲೊಂದಿರುತ್ತದೆ. ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ ಹುಡುಗನಾಗಿದ್ದಾಗಲೇ ಮನೆಯ ಕೋಳಿಗಳನ್ನು ನೋಡುತ್ತ ಕೂತು ಇದನ್ನು ಗುರುತು ಹಾಕಿಕೊಂಡವನು. 1921ರಲ್ಲಿ ಅದನ್ನೇ ಸಂಶೋಧನೆಯಾಗಿ ಬರೆದ. ಹುಂಜಗಳ ಸಾಲು ಬೇರೆ, ಹೇಂಟೆಗಳ ಸಾಲು ಬೇರೆ. ಕಾಳಿಗೆ ಮೊದಲು ಬಾಯಿ ಹಾಕುವುದರಿಂದ ಹಿಡಿದು ಬೆಳಗಿನ ಕೂಗಿನವರೆಗೆ ಎಲ್ಲವೂ ಈ ಸಾಲಿನ ಪ್ರಕಾರವೇ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದಂತೆ, ಒಟ್ಟಿಗಿರುವ ಹುಂಜಗಳಲ್ಲಿ ಬೆಳಗಿನ ಮೊದಲ ಕೂಗು ಎಲ್ಲಕ್ಕಿಂತ ಮೇಲಿನದಕ್ಕೆ ಮೀಸಲು. ಮಿಕ್ಕವು ತಮ್ಮ ಸರದಿಗೆ ಕಾದು ಕೂಗುತ್ತವೆ. ನಿಮ್ಮಲ್ಲಿ ಎರಡು ಮೂರು ಹುಂಜ ಇದ್ದರೆ ನಸುಕಿನಲ್ಲಿ ಎದ್ದು ಕಿವಿಗೊಟ್ಟು ನೋಡಬಹುದು.

ಹಿಂಡಿನಲ್ಲೇ ಬೆಳೆದ ಮರಿಹುಂಜಕ್ಕೆ ದೊಡ್ಡ ಹುಂಜದ ಏಟು ಬೀಳುತ್ತದೆ, ಮುದಿ ಹೇಂಟೆಗಳೂ ತಲೆಗೆ ಕುಕ್ಕಿ ಬುದ್ಧಿ ಕಲಿಸುತ್ತವೆ. ಮನುಷ್ಯರನ್ನು ಕಂಡರೆ ದೂರ ಸರಿಯುವುದನ್ನು ಅದು ತಾಯಿಯಿಂದ ಕಲಿಯುತ್ತದೆ. ಒಂಟಿಯಾಗಿ ಮನುಷ್ಯರ ಕೈಯಲ್ಲಿ ಬೆಳೆದದ್ದಕ್ಕೆ ಈ ಯಾವ ಪಾಠವೂ ಇಲ್ಲ. ಅದರ ಲೆಕ್ಕದಲ್ಲಿ ಮನೆಯವರೂ ಹಿಂಡಿನ ಸದಸ್ಯರೇ. ನಾಲ್ಕೈದು ತಿಂಗಳಿಗೆ ಜುಟ್ಟು ಕೆಂಪೇರಿ, ಕೂಗು ಒಡೆದು, ಮೈಯಲ್ಲಿ ಗಂಡು ಹಾರ್ಮೋನು ಹರಿಯತೊಡಗಿದಾಗ ಅದು ಸಾಲಿನಲ್ಲಿ ತನ್ನ ಜಾಗ ಯಾವುದು ಎಂದು ಒಬ್ಬೊಬ್ಬರನ್ನಾಗಿ ಕೆಣಕಿ ನೋಡುತ್ತದೆ. ಮೊದಲು ಸಿಗುವವರು ಸಣ್ಣ ಮಕ್ಕಳು, ಆಮೇಲೆ ಹೆದರಿ ಹಿಂದೆ ಸರಿಯುವವರು. ಹೆದರದವರ ತಂಟೆಗೆ ಹೋಗುವುದಿಲ್ಲ. ಒಂದೇ ಹುಂಜ ಅತ್ತೆಗೆ ಸಾಧು, ಸೊಸೆಗೆ ಯಮ ಆಗುವುದು ಹೀಗೆ. "ನಂಗೇನೂ ಮಾಡಲ್ಲವಲ್ಲ ಅದು" ಎಂದು ಅತ್ತೆ ಹೇಳುವುದರಲ್ಲಿ ಸುಳ್ಳಿಲ್ಲ.

ಮೇಲೆರಗುವ ಮುಂಚೆ ಹುಂಜ ಹೇಳಿಯೇ ಬರುತ್ತದೆ. ನಾವು ಗಮನಿಸುವುದಿಲ್ಲ ಅಷ್ಟೆ. ಮೊದಲ ಸುಳಿವು ಹಿಂಬಾಲಿಸುವುದು: ನೀವು ನಡೆದರೆ ನಡೆಯುತ್ತದೆ, ನಿಂತರೆ ನಿಲ್ಲುತ್ತದೆ. ಆಮೇಲೆ ಓರೆಯಾಗಿ ನಿಲ್ಲುತ್ತದೆ. ಕೋಳಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಓರೆಯಾಗಿ ನಿಂತ ಹುಂಜ ಬೇರೆ ಎಲ್ಲೋ ನೋಡುತ್ತಿದೆ ಎಂದುಕೊಳ್ಳಬಾರದು. ಆಗಲೇ ಅದು ನಿಮ್ಮನ್ನು ಚೆನ್ನಾಗಿ ನೋಡುತ್ತಿರುವುದು. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತ ಸುತ್ತ ಬರುತ್ತದೆ. ಹೇಂಟೆಯ ಮುಂದೆ ಈ ಕುಣಿತ ಮಾಡಿದರೆ ಪ್ರಣಯ, ನಿಮ್ಮ ಮುಂದೆ ಮಾಡಿದರೆ ಪಂಥಾಹ್ವಾನ. ನೆಲದಲ್ಲಿ ಏನೂ ಇಲ್ಲದಿದ್ದರೂ ಕುಕ್ಕುತ್ತದೆ, ಕಡ್ಡಿ ಎತ್ತಿ ಬಿಸಾಕುತ್ತದೆ, ಕಣ್ಣು ಮಾತ್ರ ನಿಮ್ಮ ಕಾಲ ಮೇಲೆ. ಕೊನೆಗೆ ತಲೆ ತಗ್ಗಿಸಿ, ಕುತ್ತಿಗೆಯ ಗರಿ ಅಷ್ಟನ್ನೂ ಕೆದರಿಕೊಂಡು ನಿಂತರೆ ಮುಂದಿನದು ಹಾರುವುದೇ. ಇದೆಲ್ಲ ಕೆಲವೇ ಕ್ಷಣಗಳಲ್ಲಿ ಆಗಿಹೋಗಬಹುದು. ಆದರೆ ಹೊಸ ಹುಂಜವೊಂದು ಮೊದಲ ಸಲ ಮನುಷ್ಯರ ಮೇಲೆ ಬೀಳುವ ಮುನ್ನ ಹಲವು ದಿನ ಬರೀ ಕುಣಿದು, ಹಿಂಬಾಲಿಸಿ, ಅಳೆದು ನೋಡಿರುತ್ತದೆ. ಆ ದಿನಗಳಲ್ಲೇ ಹಿಡಿದರೆ ತಿದ್ದುವುದು ಸುಲಭ.

ಕೆಲವೊಮ್ಮೆ ಕೆಣಕುವವರು ನಾವೇ ಆಗಿರುತ್ತೇವೆ. ತೂಗಾಡುವ ಬಕೆಟ್ಟು, ಗಾಳಿಗೆ ಹಾರುವ ಸೆರಗು, ಕಿರುಚುತ್ತ ಓಡುವ ಮಗು ಇವೆಲ್ಲ ಹುಂಜದ ಕಣ್ಣಿಗೆ ರೆಕ್ಕೆ ಬಡಿಯುವ ಎದುರಾಳಿಯ ಹಾಗೆ. ಕೋಳಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ. ನಮಗೆ ಕಾಣದ ಅತಿನೇರಳೆಯೂ ಅದಕ್ಕೆ ಕಾಣುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಕಾಳು ಹಾಕುವವಳೇ ಒಂದು ಬೆಳಿಗ್ಗೆ ಗಮ್‌ಬೂಟು ಹಾಕಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಬಂದರೆ ಹುಂಜಕ್ಕೆ ಅವಳು ಯಾರೋ ಹೊರಗಿನವಳು. ಹಾಗೆಯೇ ಅದುವರೆಗೆ ಸಾಧುವಾಗಿದ್ದ, ವಯಸ್ಸಾದ ಹುಂಜ ಇದ್ದಕ್ಕಿದ್ದಂತೆ ಮೈಮೇಲೆ ಬರತೊಡಗಿದರೆ ಅದನ್ನು ಹಿಡಿದು ಪರೀಕ್ಷಿಸಬೇಕು. ಗರಿಯ ಬುಡದಲ್ಲಿ ಹೇನು ಮುತ್ತಿರಬಹುದು, ಒಂದು ಕಣ್ಣು ಮಂಜಾಗಿರಬಹುದು, ಪಾದದ ಅಡಿ ಕೀವುಗಟ್ಟಿರಬಹುದು. ನೋವಿನ ಪ್ರಾಣಿಗೆ ಶಿಸ್ತು ಕಲಿಸಲು ಹೋಗುವುದು ಮೂರ್ಖತನ.

ಎಲ್ಲ ಎಗರಾಟವನ್ನೂ ದುಷ್ಟತನದ ಲೆಕ್ಕಕ್ಕೆ ಹಾಕುವುದೂ ಸರಿಯಲ್ಲ. ಹಿತ್ತಿಲಿನಲ್ಲಿ ಹುಂಜಕ್ಕೆ ಕೆಲಸ ಇದೆ. ಹುಳು ಸಿಕ್ಕರೆ ತಾನು ತಿನ್ನದೆ ಕುಕ್ ಕುಕ್ ಎಂದು ಹೇಂಟೆಗಳನ್ನು ಕರೆಯುತ್ತದೆ. ಗಿಡುಗ ಮೇಲೆ ಸುಳಿದರೆ ಒಂದು ಬಗೆಯ ಕೂಗು, ಮುಂಗುಸಿಯೋ ನಾಯಿಯೋ ನೆಲದ ಮೇಲೆ ಬಂದರೆ ಬೇರೆಯೇ ಕೂಗು. ಮೊದಲನೆಯದು ಕೇಳಿದರೆ ಹೇಂಟೆಗಳು ಪೊದೆಯೊಳಗೆ ನುಗ್ಗಿ ಮುದುಡಿ ಕೂರುತ್ತವೆ, ಎರಡನೆಯದು ಕೇಳಿದರೆ ತಲೆ ಎತ್ತಿ ಸುತ್ತ ನೋಡುತ್ತವೆ. ಈ ಎರಡು ಕೂಗನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲೇ ಬೇರ್ಪಡಿಸಿ ತೋರಿಸಿದ್ದಾರೆ. ಹತ್ತಿರದಲ್ಲಿ ಹೇಂಟೆ ಇದ್ದರೆ ಹುಂಜ ಹೆಚ್ಚು ಕೂಗುತ್ತದೆ ಎಂಬುದನ್ನೂ ಕಂಡಿದ್ದಾರೆ. ಇಂಥ ಕಾವಲುಗಾರನ ಮುಂದೆ ನೀವು ಒಂದು ಹೇಂಟೆಯನ್ನು ಹಿಡಿದು ಅದು ಕಿರುಚಿಕೊಂಡರೆ ಹುಂಜ ಮೇಲೆ ಬರಲೇಬೇಕು. ಅದು ಅದರ ಡ್ಯೂಟಿ. ಹೇಂಟೆಯನ್ನು ಹಿಡಿಯುವುದಿದ್ದರೆ ಹುಂಜವನ್ನು ಮೊದಲು ಮಂಕರಿಯ ಅಡಿ ಕವುಚಿ ಹಾಕಿ, ಅಥವಾ ಕತ್ತಲಾದ ಮೇಲೆ ಹಿಡಿಯಿರಿ. ಕಾಯುವ ಹುಂಜ ನೀವು ದೂರ ಸರಿದ ಕೂಡಲೇ ಸುಮ್ಮನಾಗುತ್ತದೆ. ತಂಟೆಕೋರ ಹುಂಜ ಹೇಂಟೆಗಳನ್ನು ಅತ್ತ ಬಿಟ್ಟು, ಅಂಗಳ ದಾಟಿ ಹುಡುಕಿಕೊಂಡು ಬಂದು ಹೊಡೆಯುತ್ತದೆ. ಈ ಎರಡರ ವ್ಯತ್ಯಾಸ ಗೊತ್ತಾಗದೆ ಒಳ್ಳೆಯ ಹುಂಜವನ್ನು ಕೊಯ್ದವರೂ ಇದ್ದಾರೆ, ಕೆಟ್ಟದ್ದನ್ನು "ಶೂರ" ಎಂದು ವರ್ಷಗಟ್ಟಲೆ ಇಟ್ಟುಕೊಂಡವರೂ ಇದ್ದಾರೆ.

ಶೂರತನದ ಮಾತು ಬಂದಾಗ ತುಳುನಾಡಿನ ಕೋಳಿ ಅಂಕದ ಕಡೆ ನೋಡಬೇಕು. ಹುಂಜದ ಗರಿಯ ಬಣ್ಣ ನೋಡಿ ಯಾವ ದಿನ ಯಾವುದು ಗೆಲ್ಲುತ್ತದೆ ಎಂದು ಹೇಳುವ ಕುಕ್ಕುಟ ಪಂಚಾಂಗವನ್ನೇ ಇಟ್ಟುಕೊಂಡ ಸೀಮೆ ಅದು. ಕಾಲಿಗೆ ಬಾಳು ಎಂಬ ಕತ್ತಿ ಕಟ್ಟಿ ಬಿಡುವ ಅಂಕವನ್ನು ನಾನು ಒಪ್ಪುವುದಿಲ್ಲ; ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. 2021ರಲ್ಲಿ ತೆಲಂಗಾಣದ ಜಗತ್ಯಾಲ ಜಿಲ್ಲೆಯಲ್ಲಿ ಹೀಗೆ ಕತ್ತಿ ಕಟ್ಟಿದ ಹುಂಜ ಕೊಸರಾಡಿದಾಗ ಏಟು ತಗುಲಿ ಅದರ ಯಜಮಾನನೇ ಸತ್ತುಹೋದ. ಆದರೆ ಅಂಕದ ಹುಂಜ ಸಾಕುವವರಿಂದ ಕಲಿಯಬೇಕಾದ ಒಂದು ಸಂಗತಿ ಇದೆ. ಇನ್ನೊಂದು ಹುಂಜವನ್ನು ಕಂಡರೆ ಸಾಯುವವರೆಗೆ ಕಾದಾಡುವ ಹಕ್ಕಿ, ಸಾಕಿದವನ ಕಂಕುಳಲ್ಲಿ ತೆಪ್ಪಗೆ ಕೂತಿರುತ್ತದೆ. ಅವನು ರೆಕ್ಕೆ ಬಿಡಿಸಿ ನೋಡಿದರೂ, ಬಾಯಿ ತೆರೆಸಿ ನೋಡಿದರೂ ಚಕಾರ ಎತ್ತುವುದಿಲ್ಲ. ಕಾದಾಟಕ್ಕೆಂದೇ ಹೆಸರಾದ ಅಸೀಲ್ ತಳಿಯ ಬಗ್ಗೆ ಎಲ್ಲ ಕಡೆಯೂ ಇದೇ ಮಾತು. ಕಾರಣ ಸರಳ: ದಿನಾ ಕೈಯಲ್ಲಿ ಹಿಡಿದು ಆರೈಕೆ ಮಾಡಬೇಕಾದ ಹಕ್ಕಿ ಸಾಕಿದವನ ಮುಖಕ್ಕೇ ಹಾರಿದರೆ ಯಾರಿಗೂ ಬೇಡ. ಅಂಥದ್ದರ ಮರಿಯನ್ನು ತಲೆಮಾರುಗಳಿಂದ ಯಾರೂ ಉಳಿಸಿಕೊಳ್ಳಲಿಲ್ಲ. ಗಂಡಸುತನ ಇರುವ ಹುಂಜ ಮನುಷ್ಯರ ಮೇಲೆ ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲಿಗೆ ಬಿದ್ದುಹೋಗುತ್ತದೆ. ಹುಂಜದ ಮೇಲಿನ ಸಿಟ್ಟು ಬೇರೆ, ಮನುಷ್ಯರ ಮೇಲಿನ ಸಿಟ್ಟು ಬೇರೆ. ಎರಡನೆಯದನ್ನು ಆರಿಸಿ ತೆಗೆಯಬಹುದು.

ನಾವು ಹಿತ್ತಿಲಿನಲ್ಲಿ ಮಾಡುತ್ತಿರುವುದು ಇದರ ತಿರುವುಮುರುವು. ಬೀಜಕ್ಕೆ ಹುಂಜ ಇಟ್ಟುಕೊಳ್ಳುವಾಗ ಎತ್ತರ ಯಾವುದು, ಬಣ್ಣ ಯಾವುದು ಚೆಂದ, ಮೊದಲು ಕೂಗಿದ್ದು ಯಾವುದು ಎಂದು ನೋಡುತ್ತೇವೆ. ಸಾಧುವಾದದ್ದು ಕೈಗೆ ಸುಲಭವಾಗಿ ಸಿಗುವುದರಿಂದ ನೆಂಟರು ಬಂದ ದಿನ ಅದೇ ಸಾರಾಗುತ್ತದೆ. ಹಿಡಿಯಲು ಹೋದವರ ಕೈ ಕಚ್ಚಿ ತಪ್ಪಿಸಿಕೊಂಡದ್ದು ಉಳಿದು ಮುಂದಿನ ಮರಿಗಳಿಗೆ ಅಪ್ಪನಾಗುತ್ತದೆ. ಕೋಳಿ ಮನುಷ್ಯರ ಜೊತೆ ಸೇರಿ ಬಹಳ ಕಾಲವೇನೂ ಆಗಿಲ್ಲ. ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ಸಿಕ್ಕಿರುವ, ಖಚಿತವಾಗಿ ಸಾಕುಕೋಳಿಯದೆನ್ನುವ ಅತಿ ಹಳೆಯ ಮೂಳೆಗಳು ಕ್ರಿ.ಪೂ. 1650ರಿಂದ 1250ರ ನಡುವಿನವು. ಕೆಂಪು ಕಾಡುಕೋಳಿ ಅದರ ಮೂಲ. ನಮ್ಮ ಪಶ್ಚಿಮಘಟ್ಟದ ಬೂದು ಕಾಡುಕೋಳಿಯ ಪಾಲೂ ಸ್ವಲ್ಪ ಇದೆ. ಸಾಕುಕೋಳಿಯ ಹಳದಿ ಚರ್ಮದ ಗುಣ ಅದರಿಂದ ಬಂತೆಂದು 2008ರಲ್ಲಿ ತಿಳಿಯಿತು. ತನ್ನ ಜಾಗವನ್ನು ಕಾದುಕೊಳ್ಳುವ ಕಾಡಿನ ಗುಣ ಒಳಗೆ ಇದ್ದೇ ಇದೆ. ಅದನ್ನು ತಗ್ಗಿಸುವುದೂ ಎತ್ತಿಕಟ್ಟುವುದೂ ಸಾಕುವವರ ಕೈಲಿದೆ.

ಸರಿ, ಈಗ ಹಿತ್ತಿಲಿನಲ್ಲಿ ಒಂದು ಹುಂಜ ನಿಮ್ಮ ದಾರಿ ಕಾಯುತ್ತಿದೆ. ಏನು ಮಾಡಬೇಕು?

ಓಡಬಾರದು. ಓಡಿದರೆ ಅದು ಗೆದ್ದಂತೆ. ನಾಳೆ ಇನ್ನೂ ಬೇಗ ಬರುತ್ತದೆ. ಒದೆಯಲೂ ಬಾರದು. ಒದೆತ ಎಂದರೆ ಅದರ ಸವಾಲನ್ನು ಒಪ್ಪಿಕೊಂಡ ಹಾಗೆ. ಏಟು ತಿಂದು ಹಿಂದೆ ಸರಿದ ಹುಂಜ ಸುಧಾರಿಸಿಕೊಂಡು ಮತ್ತೆ ಪಂಥಕ್ಕೆ ಬರುತ್ತದೆ; ಹಿಂಡಿನೊಳಗಿನ ಕಾದಾಟವೂ ಹೀಗೇ ನಡೆಯುವುದು. ಮೇಲಾಗಿ ಜೋರಾಗಿ ಒದ್ದರೆ ಎದೆಮೂಳೆ ಮುರಿದು ನರಳಿ ಸಾಯುತ್ತದೆ. ಕೊಲ್ಲುವುದೇ ಆದರೆ ಅದಕ್ಕೆ ನೆಟ್ಟಗಿನ ದಾರಿ ಇದೆ, ಸಿಟ್ಟಿನ ಒದೆತ ಬೇಡ.

ಒಂದು ಹಳೆಯ ಮೊರ ಅಥವಾ ದೊಡ್ಡ ಅಡಿಕೆ ಹಾಳೆ ಕೈಯಲ್ಲಿ ಹಿಡಿದು ಹಿತ್ತಿಲಿಗೆ ಹೋಗಿ. ಹೊಡೆಯುವುದಕ್ಕಲ್ಲ, ಅಡ್ಡ ಹಿಡಿಯುವುದಕ್ಕೆ. ಹುಂಜ ಓರೆಯಾಗಿ ಕುಣಿಯತೊಡಗಿದರೆ ನಿಂತುಬಿಡಿ. ಅದರ ಕಡೆ ತಿರುಗಿ, ಹಾಳೆಯನ್ನು ಮೊಣಕಾಲಿನ ಮುಂದೆ ಹಿಡಿದು, ನಿಧಾನವಾಗಿ ಒಂದೆರಡು ಹೆಜ್ಜೆ ಮುಂದಿಡಿ. ಹಾರಿದರೆ ಹಾಳೆಗೆ ಬಡಿದು ಬೀಳುತ್ತದೆ. ಕೂಗಾಡಬೇಡಿ, ಕೈ ಬೀಸಬೇಡಿ, ಹಿಂದೆಯೂ ಸರಿಯಬೇಡಿ. ಅದು ಎರಡು ಮೂರು ಸಲ ಹಾರಬಹುದು. ಕೊನೆಗೊಮ್ಮೆ ತಿರುಗಿಕೊಂಡು ದೂರ ಹೋಗಿ ನಿಜವಾಗಿಯೂ ಮೇಯತೊಡಗುತ್ತದೆ. ಅಲ್ಲಿಯವರೆಗೆ ಜಾಗ ಬಿಡಬಾರದು, ಅಲ್ಲಿಂದ ಮುಂದೆ ಅದನ್ನು ಅಟ್ಟಬಾರದು. ಇಡೀ ವಿದ್ಯೆಯ ಗುಟ್ಟು ಈ ಕೊನೆಯ ಗಳಿಗೆಯಲ್ಲಿದೆ. ಸೋತವನಿಗೆ ಹೋಗಲು ದಾರಿ ಬಿಡದಿದ್ದರೆ ಅವನು ಸೋಲುವುದಿಲ್ಲ. ಮೂಲೆಗೆ ಒತ್ತಿದ ಹುಂಜ ಮತ್ತೆ ಮುಖಕ್ಕೇ ಹಾರುತ್ತದೆ.

ರಾತ್ರಿಯ ಪಾಠ ಇನ್ನೊಂದು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಬಹಳ ಕಡಿಮೆ. ಗೂಡಿನ ಅಡ್ಡಗಳುವಿನ ಮೇಲೆ ಕೂತ ಹುಂಜವನ್ನು ಎರಡೂ ರೆಕ್ಕೆ ಒತ್ತಿಹಿಡಿದು ಎತ್ತಿ, ಕಂಕುಳಲ್ಲಿ ಇಟ್ಟುಕೊಂಡು, ಕಾಲನ್ನು ಕೈಯಲ್ಲಿ ಭದ್ರ ಮಾಡಿಕೊಂಡು ಸ್ವಲ್ಪ ಹೊತ್ತು ಓಡಾಡಿ. ಮೊದಲು ಕೊಸರುತ್ತದೆ, ಆಮೇಲೆ ಮೈ ಸಡಿಲ ಬಿಡುತ್ತದೆ. ಸಡಿಲ ಬಿಟ್ಟ ಮೇಲೆಯೇ ಕೆಳಗಿಳಿಸಬೇಕು. ದಿನಾ ಹೀಗೆ ಮಾಡಿದರೆ ಎಷ್ಟೋ ಹುಂಜ ದಾರಿಗೆ ಬರುತ್ತವೆ. ಕಾಲು ಹಿಡಿದು ತಲೆಕೆಳಗಾಗಿ ತೂಗಾಡಿಸುವುದು ನಮ್ಮ ಸಂತೆಗಳ ಹಳೆಯ ರೂಢಿ. ಅದನ್ನು ಬಿಡಬೇಕು, ಹಕ್ಕಿಗೆ ನಮ್ಮಂತೆ ವಪೆ ಇಲ್ಲ, ತಲೆಕೆಳಗಾದರೆ ಕರುಳಿನ ಭಾರವೆಲ್ಲ ಉಸಿರುಚೀಲಗಳ ಮೇಲೆ ಬೀಳುತ್ತದೆ. ಹುಂಜದ ತಲೆಯನ್ನು ನೆಲಕ್ಕೆ ಒತ್ತಿಹಿಡಿದು ಸೋಲಿಸಬೇಕು ಎನ್ನುವವರೂ ಇದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಸುಮ್ಮನೆ ಎತ್ತಿಕೊಳ್ಳುವುದರಿಂದ ಆಗುವ ಕೆಲಸಕ್ಕೆ ಕತ್ತು ಹಿಸುಕುವುದು ಯಾಕೆ?

ಕಾಳಿನ ವಿಷಯದಲ್ಲಿ ಎಚ್ಚರ ಬೇಕು. ಹುಂಜ ಶಾಂತವಾಗಿದ್ದಾಗ ನಿಮ್ಮಿಂದ ದೂರಕ್ಕೆ ಒಂದು ಹಿಡಿ ರಾಗಿಯನ್ನೋ ಜೋಳವನ್ನೋ ಎರಚಿ. ಅದು ಹೇಂಟೆಗಳನ್ನು ಕರೆದು ದೊಡ್ಡಸ್ತಿಕೆ ತೋರಿಸಲಿ. ನೀವು ಬಂದರೆ ಕಾಳು ದೂರದಲ್ಲಿ ಬೀಳುತ್ತದೆ ಎಂದು ಕಲಿತರೆ ದೂರ ನಿಲ್ಲುವುದನ್ನೂ ಕಲಿಯುತ್ತದೆ. ಮೈಮೇಲೆ ಬರುವಾಗ ಮಾತ್ರ ಎರಚಬಾರದು. ಹಾರಿದರೆ ರಾಗಿ ಸಿಗುತ್ತದೆ ಎಂಬ ಪಾಠ ಅದಕ್ಕೆ ಬಹಳ ಬೇಗ ಹತ್ತುತ್ತದೆ. ಹುಂಜಕ್ಕೆ ಕೈಯಿಂದ ತಿನ್ನಿಸುವುದು ಬೇಡವೇ ಬೇಡ.

ಇದನ್ನೆಲ್ಲ ಮನೆಯ ದೊಡ್ಡವರೆಲ್ಲರೂ ಮಾಡಬೇಕು. ಒಬ್ಬರ ಜೊತೆ ಆದ ರಾಜಿ ಇನ್ನೊಬ್ಬರಿಗೆ ಅನ್ವಯಿಸುವುದಿಲ್ಲ. ಮಕ್ಕಳನ್ನು ಮಾತ್ರ ಈ ಪಾಠಕ್ಕೆ ಕಳಿಸಬಾರದು. ನಾಲ್ಕು ವರ್ಷದ ಮಗುವಿನ ಮುಖ ಹುಂಜ ಹಾರುವ ಎತ್ತರದಲ್ಲೇ ಇರುತ್ತದೆ. ಕಣ್ಣಿಗೆ ಏಟು ಬಿದ್ದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಎಷ್ಟೋ ಸಲ ಹುಂಜಕ್ಕಿಂತ ಹಿತ್ತಿಲಿನ ವ್ಯವಸ್ಥೆಯೇ ಕೆಟ್ಟಿರುತ್ತದೆ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಇರಬೇಕು. ಮೂರು ಹೇಂಟೆಗೆ ಎರಡು ಹುಂಜ ಬಿಟ್ಟರೆ ಹೇಂಟೆಗಳ ಬೆನ್ನು ಬೋಳಾಗುತ್ತದೆ, ಹುಂಜಗಳು ಸದಾ ಕಾದಾಟದ ಗುಂಗಿನಲ್ಲಿರುತ್ತವೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಿಲಿಗೆಂದೇ ರೂಪಿಸಿ 1989ರಲ್ಲಿ ಕೊಟ್ಟ ಗಿರಿರಾಜ ಬಂದ ಮೇಲೆ ಇನ್ನೊಂದು ತೊಡಕು ಸೇರಿದೆ. ಬೆಳೆದ ಗಿರಿರಾಜ ಹುಂಜ ನಾಲ್ಕು ಕೆ.ಜಿ. ದಾಟುತ್ತದೆ. ಸಣ್ಣ ಮೈಯ ನಾಟಿ ಹೇಂಟೆಗಳ ಜೊತೆ ಅದನ್ನು ಬಿಟ್ಟರೆ ಅದು ಸಾಧುವಾಗಿದ್ದರೂ ಹೇಂಟೆಗಳಿಗೆ ಗಾಯ ತಪ್ಪಿದ್ದಲ್ಲ. ತಂಟೆಕೋರನಾಗಿದ್ದರೆ ಮನುಷ್ಯರಿಗೆ ಬೀಳುವ ಏಟಿನ ತೂಕವೂ ಜಾಸ್ತಿ. ಹೆಚ್ಚಾದ ಹುಂಜಗಳನ್ನು ಹೇಂಟೆ ಕಾಣದ ಕಡೆ ಒಟ್ಟಿಗೆ ಕೂಡಿಹಾಕಿದರೆ ಸಾಮಾನ್ಯವಾಗಿ ತಮ್ಮ ಪಾಡಿಗೆ ಇರುತ್ತವೆ. ಬಲೆಯೊಳಗೆ ಒತ್ತೊತ್ತಾಗಿ ಸಾಕುವವರು ಕಾಳು, ನೀರನ್ನು ಎರಡು ಕಡೆ ಇಡಬೇಕು. ಸೋತದ್ದು ಮರೆಯಾಗಲು ಒಂದು ಬುಟ್ಟಿಯೋ ಹಲಗೆಯೋ ಬೇಕು.

ಗಾಯ ಮಾಡುವುದು ಕೊಕ್ಕಿಗಿಂತ ಕಾಲಿನ ಹಿಂಬದಿಯ ಮುಳ್ಳು. ವಯಸ್ಸಾದಂತೆ ಉದ್ದವಾಗುವ ಈ ಮುಳ್ಳಿನ ಹೊರಕವಚ ಉಗುರಿನ ಜಾತಿಯದು, ಒಳಗಡೆ ಜೀವಂತ ಎಲುಬು ಇದೆ. ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಬಹುದು. ಬುಡದಲ್ಲಿ ಕತ್ತರಿಸಿದರೆ ರಕ್ತ ನಿಲ್ಲುವುದಿಲ್ಲ, ಹಕ್ಕಿಗೆ ವಿಪರೀತ ನೋವು. ಸಂಶಯವಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಮನುಷ್ಯರಿಗೆ ಮುಳ್ಳು ಚುಚ್ಚಿದರೆ ಹೊರಗೆ ಸಣ್ಣ ತೂತು, ಒಳಗೆ ಆಳ. ಕೊಟ್ಟಿಗೆಯ ಮಣ್ಣು ಒಳಗೆ ಹೋಗಿರುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು. ಈಚೆಗೆ ಧನುರ್ವಾಯುವಿನ ಚುಚ್ಚುಮದ್ದು ಆಗಿರದಿದ್ದರೆ ಹಾಕಿಸಿಕೊಳ್ಳಬೇಕು. ನಾಯಿ ಕಚ್ಚಿದಾಗಿನ ಹಾಗೆ ಹುಚ್ಚಿನ ಇಂಜೆಕ್ಷನ್ ಬೇಕಾ ಎಂದು ಕೇಳುವವರಿದ್ದಾರೆ. ರೇಬಿಸ್ ಸಸ್ತನಿಗಳ ಕಾಯಿಲೆ, ಕೋಳಿಯಿಂದ ಬರುವುದಿಲ್ಲ. ಸಕ್ಕರೆ ಕಾಯಿಲೆಯವರು, ಕಾಲಿನಲ್ಲಿ ನರ ಉಬ್ಬಿಕೊಂಡವರು ಮಾತ್ರ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆಸ್ಟ್ರೇಲಿಯಾದಲ್ಲಿ ಮೊಟ್ಟೆ ತೆಗೆಯಲು ಹೋದ 76 ವರ್ಷದ ಹೆಂಗಸಿನ ಕಾಲಿನ ಉಬ್ಬುನರಕ್ಕೆ ಹುಂಜ ಕುಕ್ಕಿ, ರಕ್ತಸ್ರಾವದಿಂದ ಆಕೆ ತೀರಿಕೊಂಡ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿತ್ತು. ತೀರ ಅಪರೂಪದ್ದು ನಿಜ. ಆದರೂ ವಯಸ್ಸಾದವರಿರುವ ಮನೆಯವರು ತಿಳಿದಿರಬೇಕಾದದ್ದು.

ಈ ತಿದ್ದುವ ಕೆಲಸಕ್ಕೆ ಒಂದು ಗಡುವು ಇರಲಿ. ಮೂರ್ನಾಲ್ಕು ವಾರ ಎಲ್ಲರೂ ಒಂದೇ ರೀತಿ ನಡೆದುಕೊಂಡೂ ಹುಂಜ ಹುಡುಕಿಕೊಂಡು ಬಂದು ಹೊಡೆಯುತ್ತಿದ್ದರೆ ಅದು ಬದಲಾಗುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಅಷ್ಟು ದಿನವೂ ಬೇಡ, ಮೊದಲ ದಿನದಿಂದಲೇ ಬೇರೆ ಗೂಡಿಗೆ ಹಾಕಿ.

ಇಲ್ಲಿ ಹಲವರಿಗೆ ಎದುರಾಗುವ ಕಟ್ಟು ಬೇರೆ. "ಅದು ಮಾರಮ್ಮನಿಗೆ ಬಿಟ್ಟಿದ್ದು, ಮುಟ್ಟುವ ಹಾಗಿಲ್ಲ" ಎನ್ನುತ್ತಾರೆ. ಜಾತ್ರೆ ಬರುವವರೆಗೆ, ಭೂತದ ಕೋಲ ಆಗುವವರೆಗೆ ಹರಕೆಯ ಹುಂಜಕ್ಕೆ ಯಾರೂ ಬೆತ್ತ ತೋರಿಸುವುದಿಲ್ಲ. ಅದೂ ಸಲುಗೆಯಲ್ಲಿ ಬೆಳೆದು ಕೇರಿಯನ್ನೇ ಕಾಡುತ್ತದೆ. ಹರಕೆಯ ವಿಚಾರ ಅವರವರ ಭಕ್ತಿಗೆ ಬಿಟ್ಟದ್ದು. ದೇವರಿಗೆ ಬಿಟ್ಟ ಹುಂಜವನ್ನು ಬಲೆಯೊಳಗೆ ಸಾಕಬಾರದೆಂದು ಮಾತ್ರ ಯಾವ ದೇವರೂ ಹೇಳಿದಂತಿಲ್ಲ.

ಹರಕೆ ಇಲ್ಲದ ಹುಂಜವನ್ನು ಬೇರೆಯವರಿಗೆ ಕೊಡಬಹುದು. ಕೊಡುವಾಗ ಅದರ ಗುಣ ಬಚ್ಚಿಡದೆ ಹೇಳಿ. ಸುಮ್ಮನೆ ದಾಟಿಸಿದರೆ ನಿಮ್ಮ ಮನೆಯ ಗಾಯ ಇನ್ನೊಂದು ಮನೆಯ ಮಗುವಿಗೆ ಆಗುತ್ತದೆ. "ಜಗಳಗಂಟ ಹುಂಜ ಇದೆಯಾ" ಎಂದು ಕೇಳಿಕೊಂಡು ಬರುವವರಿಗೆ ಮಾರಬೇಡಿ. ಇನ್ನು ಕೋಳಿ ತಿನ್ನುವ ಮನೆಯಾದರೆ ಸಾರು ಮಾಡುವುದರಲ್ಲಿ ತಪ್ಪಿಲ್ಲ. ಚುರುಕು ಕತ್ತಿಯಿಂದ ಒಮ್ಮೆಗೇ ಮುಗಿಸಿ, ಮಕ್ಕಳೆದುರು ಬೇಡ. ಒಂದು ವರ್ಷ ದಾಟಿದ ಹುಂಜದ ಮಾಂಸ ಗಟ್ಟಿ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಬೇಕು, ಆದರೆ ಮುದ್ದೆಯ ಜೊತೆ ಅದರ ಸಾರಿಗಿರುವ ರುಚಿ ಫಾರಂ ಕೋಳಿಗೆ ಬರುವುದಿಲ್ಲ. ಹೆಸರಿಟ್ಟು ಸಾಕಿದ್ದನ್ನು ತಿನ್ನಲಾಗದವರು, ತಿನ್ನದ ಮನೆಯವರು ಪ್ರತ್ಯೇಕ ಗೂಡು ಕಟ್ಟಿ ಕೊನೆಯವರೆಗೆ ಸಾಕಲಿ. ಅದೂ ಗೌರವದ ದಾರಿಯೇ. ಆದರೆ ಅದರ ಮರಿ ಮಾತ್ರ ಮಾಡಿಸಬಾರದು.

ಮೊಟ್ಟೆಗಾಗಿ ಮಾತ್ರ ಸಾಕುವವರಿಗೆ ಹುಂಜವೇ ಬೇಕಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹುಂಜ ಇರಲಿ ಬಿಡಲಿ ಹೇಂಟೆ ಮೊಟ್ಟೆ ಇಡುತ್ತದೆ, ಮರಿಯಾಗುವುದಿಲ್ಲ ಅಷ್ಟೆ. ಪೇಟೆಯ ಹಿತ್ತಿಲಿಗೆ ನಾಲ್ಕು ಹೇಂಟೆ ಸಾಕು, ಪಕ್ಕದ ಮನೆಯವರ ನಿದ್ದೆಯೂ ಉಳಿಯುತ್ತದೆ.

ಮರಿ ಬೇಕು ಎನ್ನುವವರು ಹೊಸ ಹುಂಜ ತರುವಾಗ ಅವಸರ ಮಾಡಬೇಡಿ. ಮಾರುವವರ ಹಿತ್ತಿಲಿಗೆ ಹೋಗಿ ಅದರ ಅಪ್ಪ ಹೇಗೆ ನಡೆದುಕೊಳ್ಳುತ್ತದೆ ನೋಡಿ, ಆ ಮನೆಯ ಹೆಂಗಸರನ್ನು, ಮಕ್ಕಳನ್ನು ಕೇಳಿ. ತಂದ ಹುಂಜವನ್ನು ಎರಡು ಮೂರು ವಾರ ಬೇರೆಯೇ ಇಟ್ಟು ಕೊಕ್ಕರೆ ರೋಗ ಗೀಗ ಇಲ್ಲವೆಂದು ಖಾತ್ರಿ ಮಾಡಿಕೊಂಡು ಆಮೇಲೆ ಹಿಂಡಿಗೆ ಬಿಡಿ. ಹಳೆಯ ಹುಂಜ ಹೋದ ಮೇಲೂ ಹತ್ತು ಹದಿನೈದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ, ಅದರ ಬೀಜ ಹೇಂಟೆಯ ಒಡಲಲ್ಲಿ ಉಳಿದಿರುತ್ತದೆ. ಆದ್ದರಿಂದ ಹಳೆಯದನ್ನು ಸಾಗಹಾಕಿ ನಾಲ್ಕು ವಾರ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನೇ ಕಾವಿಗೆ ಇಡಿ. ಅದಕ್ಕೂ ಮುಂಚಿನವು ಅಡುಗೆಮನೆಗೆ ಹೋಗಲಿ.